ತಂತಿಯ ಮೇಲಿನ ನೀಲಿ ಅಂಗಿ

ಬೀದಿಯ ಮಕ್ಕಳು ಅವಳಿಗೆ ವಿಷಾದಕ್ಕ ಎಂದು ಹೆಸರಿಟ್ಟಿದ್ದರು. ಅವಳು ಟಿ.ವಿ. ಕೇಂದ್ರಕ್ಕೆ ಉದ್ಘೋಷಕಿಯಾಗಿ ಸೇರಿದ ಹೊಸದರಲ್ಲಿ ಪ್ರಸಾರ ಪದೇ ಪದೇ ಕೈಕೊಡುತ್ತಿತ್ತು. ಪರದೆ ಕಪ್ಪಾಗಿ, ಮತ್ತೆ ಬೆಳಗಿ, ಅವಳ ಮುಖ ಮೂಡಿ “ಅಡಚಣೆಗಾಗಿ ವಿಷಾದಿಸುತ್ತೇವೆ” ಎನ್ನುತ್ತಿತ್ತು. ಯಾವ ತಂತಿ ಕಿತ್ತುಹೋದರೂ, ಯಾವ ಗಂಡಸು ಯಾವ ಗುಂಡಿ ಒತ್ತಲು ಮರೆತರೂ ಕ್ಷಮೆ ಕೇಳುವ ಬಾಯಿ ಅವಳದು. ಮನೆಯಲ್ಲಿ ಮೊದಲೇ ಅಭ್ಯಾಸವಾಗಿದ್ದರಿಂದ ಅದೇನೂ ಕಷ್ಟವಾಗಲಿಲ್ಲ.

ಗಂಡ ವಿಮಾ ಕಚೇರಿಯ ಗುಮಾಸ್ತ. ಸಂಜೆ ಕುರ್ಚಿ ಎಳೆದುಕೊಂಡು ಟಿ.ವಿ. ಮುಂದೆ ಕೂತು, ಹೆಂಡತಿ ಯಾವಾಗ ನಗುತ್ತಾಳೆ ಎಂದು ಕಾಯುತ್ತಿದ್ದ. ಕ್ಯಾಮೆರಾ ಹಿಂದೆ ಯಾರು ನಿಂತಿರುತ್ತಾರೆ, ನಗುವುದು ಅವರನ್ನು ನೋಡಿಯೋ ಎಂದು ಒಮ್ಮೆ ವಿಚಾರಿಸಿದ. ಕ್ಯಾಮೆರಾದ ಮೇಲೊಂದು ಕೆಂಪು ದೀಪ ಇರುತ್ತದೆ, ಅದನ್ನು ನೋಡಿ ನಗುತ್ತೇನೆ ಎಂದಳು. ಅಂದಿನಿಂದ ಅವನಿಗೆ ಆ ದೀಪದ ಮೇಲೂ ಅನುಮಾನ.

ಅವಳಿಗೆ ನಿರ್ಮಾಪಕಿಯಾಗುವ ಆಸೆಯಿತ್ತು. ಕೇಂದ್ರದ ನೌಕರರು ಯಾರೇ ಆಗಲಿ, ಅರ್ಧ ಗಂಟೆಯ ಕಾರ್ಯಕ್ರಮವೊಂದನ್ನು ತಾವೇ ಮಾಡಿ ಒಪ್ಪಿಸಿದರೆ, ಸಮಿತಿಗೆ ಮೆಚ್ಚುಗೆಯಾದಲ್ಲಿ ಆ ಹುದ್ದೆ ಸಿಗುತ್ತಿತ್ತು. ಗಂಡ ಬೇಡ ಎಂದ. ಊರೂರು ತಿರುಗುವ ಕೆಲಸ, ಜೊತೆಗೆಲ್ಲ ಗಂಡಸರು. “ಕೂತ್ಕೊಂಡು ನಾಲ್ಕು ಮಾತಾಡಿ ಬಾ, ಸಾಕು. ಅದಕ್ಕಿಂತ ಜಾಸ್ತಿ ಬೇಕು ಅಂದ್ರೆ ಅದೂ ಬೇಡ, ಮನೇಲಿರು.”

ಅವಳು ತಲೆಯಾಡಿಸಿದಳು.

ಅದೇ ಹೊತ್ತಿಗೆ ಕೇಂದ್ರದಲ್ಲಿ ಹೊಸ ಏರ್ಪಾಡು ಬಂತು. ಸಂಜೆ ಸ್ಟುಡಿಯೋ ವಾರ್ತೆಗೆ ಬೇಕಾಗುತ್ತಿದ್ದರಿಂದ, ನಾಳಿನ ಉದ್ಘೋಷಣೆಗಳನ್ನೆಲ್ಲ ಇವತ್ತೇ ಮಧ್ಯಾಹ್ನ ಒಟ್ಟಿಗೆ ಚಿತ್ರೀಕರಿಸಿ ಇಡತೊಡಗಿದರು. ಸಂಜೆ ಪರದೆಯ ಮೇಲೆ ಅವಳಿರುತ್ತಿದ್ದಳು, ಸ್ಟುಡಿಯೋದ ಕುರ್ಚಿಯಲ್ಲಿ ಇರುತ್ತಿರಲಿಲ್ಲ. ಈ ಸಂಗತಿಯನ್ನು ಅವಳು ಮನೆಯಲ್ಲಿ ಬಾಯಿಬಿಡಲಿಲ್ಲ. ಆ ಸಂಜೆಗಳಲ್ಲಿ ಎಡಿಟಿಂಗ್ ಕೋಣೆಯಲ್ಲಿ ಕೂತು, ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸರ ಬಗ್ಗೆ ತನ್ನ ಕಾರ್ಯಕ್ರಮ ಜೋಡಿಸುತ್ತಿದ್ದಳು. ಅಲ್ಲಿಯೂ ನೆಮ್ಮದಿಯಿಲ್ಲ. ಇವಳು ಕೇಂದ್ರದ ನಿರ್ದೇಶಕರಿಗೆ ಸುದ್ದಿ ಮುಟ್ಟಿಸುವ ಕಿವಿ ಇರಬೇಕು ಎಂದು ಹಿರಿಯ ನಿರ್ಮಾಪಕ ಅವಳು ಬಂದೊಡನೆ ಮಾತು ನಿಲ್ಲಿಸುತ್ತಿದ್ದ. ಎಡಿಟರ್ ಒಬ್ಬ ಮಾತ್ರ ಏನೂ ಕೇಳದೆ ಸ್ಟೂಲು ಸರಿಸಿಕೊಡುತ್ತಿದ್ದ.

ಪರದೆಗೆಂದೇ ಇಟ್ಟ ಅಂಗಿಗಳು ಕೇಂದ್ರದ ಕಪಾಟಿನಲ್ಲಿರುತ್ತಿದ್ದವು. ಪ್ರಸಾರ ಮುಗಿದ ಮೇಲೆಯೇ ಅವನ್ನು ಒಗೆಯಲು ಮನೆಗೆ ತರುವಷ್ಟು ಎಚ್ಚರ ಅವಳಿಗಿತ್ತು. ಒಂದು ದಿನ ಚಿತ್ರೀಕರಣ ಮುಗಿಯುತ್ತಿದ್ದಂತೆ ನೀಲಿ ಅಂಗಿಯ ತೋಳಿಗೆ ಯಂತ್ರದ ಎಣ್ಣೆ ಮೆತ್ತಿಕೊಂಡಿತು. ಕಲೆ ಉಳಿದೀತೆಂಬ ಗಾಬರಿಯಲ್ಲಿ ಅಂದೇ ತಂದು ಒಗೆಯುವ ಬಟ್ಟೆಗೆ ಹಾಕಿಬಿಟ್ಟಳು. ಕಲೆಗೆ ಹೆದರುವ ಹೆಂಗಸು ಮಾತ್ರ ಮಾಡಬಹುದಾದ ತಪ್ಪು.

ಮರುದಿನ ಮಧ್ಯಾಹ್ನ ಅತ್ತೆ ಅದನ್ನು ಉಜ್ಜಿ ಹಿತ್ತಲ ತಂತಿಗೆ ಹಾಕಿದಳು. ಸಂಜೆ ಟಿ.ವಿ.ಯಲ್ಲಿ ಸೊಸೆ ಕಾಣಿಸಿಕೊಂಡಳು. ನೀಲಿ ಅಂಗಿ, ಬಿಳಿ ಕಾಲರಿನ ಮೇಲೆ ಅತ್ತೆಯೇ ಹಾಕಿದ ಕಸೂತಿ. ಅತ್ತೆ ಎದ್ದು ಹಿತ್ತಲಿಗೆ ಹೋಗಿ ತಂತಿಯ ಮೇಲಿದ್ದ ಅಂಗಿಯನ್ನು ಹಿಂಡಿ ನೋಡಿದಳು. ನೀರು ತೊಟ್ಟಿಕ್ಕಿತು. ಒಳಗೆ ಬಂದಳು. ಸೊಸೆ ಇನ್ನೂ ನಗುತ್ತಿದ್ದಳು. ಹಾಗಾದರೆ ಇವಳು ಈಗ ಎಲ್ಲಿದ್ದಾಳೆ? ಪಕ್ಕದಲ್ಲಿ ಕೂತ ಮಗನಿಗೆ ಹೇಳುವ ಮೊದಲು ಅತ್ತೆ ಕಣ್ಣಾರೆ ನೋಡಬೇಕಿತ್ತು.

ಮಾರನೆಯ ಸಂಜೆ ನೆರೆಮನೆಗೆ ಹೋಗುವೆನೆಂದು ಹೊರಟು ಬಸ್ಸು ಹತ್ತಿದಳು. ಕೇಂದ್ರದ ಕಾವಲಿನವನು ತೋರಿಸಿದ ಬಾಗಿಲು ತಳ್ಳಿದರೆ ಒಳಗೆ ಕತ್ತಲು. ಒಂದು ಪುಟ್ಟ ಪರದೆಯ ಬೆಳಕಿನಲ್ಲಿ ಎರಡು ತಲೆಗಳು, ಒಂದು ಸೊಸೆಯದು, ಇನ್ನೊಂದು ಗಂಡಸಿನದು.

“ನಿನ್ನ ಅಂಗಿ ನಿನ್ನೆ ಸಂಜೆ ಇನ್ನೂ ಒಣಗಿರ್ಲಿಲ್ಲ,” ಎಂದಳು ಅತ್ತೆ.

ಸೊಸೆಗೆ ಅಷ್ಟೇ ಸಾಕಾಯಿತು. ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಎಡಿಟರ್ ದೀಪ ಹಾಕಿ, ದೊಡ್ಡಮ್ಮ ಕೂತ್ಕೊಳ್ಳಿ ಎಂದು ತನ್ನ ಕುರ್ಚಿ ಬಿಟ್ಟುಕೊಟ್ಟ. ಅತ್ತೆ ಕೂರಲಿಲ್ಲ. ಪರದೆಯಲ್ಲಿ ಇಬ್ಬರು ಹೆಂಗಸರು ಹಾಸಿಗೆಯ ಹೊದಿಕೆಯ ಎರಡು ತುದಿ ಹಿಡಿದು ಹಿಂಡುತ್ತ ಹಾಗೇ ನಿಂತುಹೋಗಿದ್ದರು. ಅವರನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತು ಹೊರಟಳು.

ಬಸ್ ನಿಲ್ದಾಣದವರೆಗೂ ಹಿಂದೆಯೇ ಬಂದ ಸೊಸೆ ಕೇಳಿದಳು. “ಅವರಿಗೆ ಹೇಳ್ತೀರಾ ಅತ್ತೆ?”

“ಆ ದೀಪದ ಮುಂದೆ ನಿನ್ನನ್ನ ಕಟ್ಟಿಹಾಕಿದಾರೆ, ಪಾಪ, ಅಂದ್ಕೊಂಡು ದಿನಾ ಒಲೆ ಮುಂದೆ ನಿಂತೆ. ರಾಶಿ ಪಾತ್ರೆ ತಿಕ್ಕಿದೆ. ನೀನು ನೋಡಿದ್ರೆ ನಿನ್ನ ಆಸೆ ಹೊಲ್ಕೊಂಡು ಕೂತಿದ್ದೆ. ನನ್ನ ಸೊಂಟಾನ ಕೇಳಿದ್ಯಾ?”

ಕ್ಷಮೆ ಕೇಳುವುದೇ ಕಸುಬಾದ ಸೊಸೆಗೆ ಅವತ್ತು ಆ ಮಾತು ಬರಲಿಲ್ಲ.

“ನಾನು ನಂಬಿದೆ ಅಂತ ತಿಳ್ಕೋಬೇಡ,” ಎಂದಳು ಅತ್ತೆ. “ಆಗಾಗ ಬಂದು ನೋಡ್ತೀನಿ.”

ಆ ವಾರವೆಲ್ಲ ಸೊಸೆ ಅತ್ತೆಯ ಬಾಯನ್ನೇ ನೋಡುತ್ತಿದ್ದಳು. ಅತ್ತೆ ಬಾಯಿ ತೆರೆದದ್ದು ಮಗನ ಎದುರು, ಅದೂ ಬೇರೆ ವಿಷಯಕ್ಕೆ. ತನಗೆ ಸೊಂಟ ಹಿಡಿದಿದೆ, ಹೆಂಡತಿ ದುಡಿಯಲು ಹೋಗಿದ್ದಾಳೆ, ಸಂಜೆಯ ಒಲೆ ಪಾತ್ರೆ ಇನ್ನು ಅವನದೇ ಎಂದಳು. ಅವನು ಗೊಣಗಿದ. ಆದರೆ ಎದುರಿಗೇ ಪರದೆಯಲ್ಲಿ ಹೆಂಡತಿ ದುಡಿಯುತ್ತಿರುವಾಗ ಏನು ಹೇಳಿಯಾನು? ಸೊಸೆಯ ಅಂಗಿ ಬೇಗ ಮನೆಗೆ ಬಂದರೆ ಅತ್ತೆ ಅದನ್ನು ಮಡಚಿ ತನ್ನ ಪೆಟ್ಟಿಗೆಯಲ್ಲಿಡುತ್ತಿದ್ದಳು. ಪ್ರಸಾರ ಮುಗಿಯುವವರೆಗೆ ಅದಕ್ಕೆ ನೀರು ಮುಟ್ಟಿಸುತ್ತಿರಲಿಲ್ಲ. ಹೇಳಿದಂತೆ ಕೇಂದ್ರಕ್ಕೂ ಬಂದು, ಬಾಗಿಲ ಪಕ್ಕ ಸ್ಟೂಲು ಹಾಕಿಕೊಂಡು ಎಡಿಟರನ ಕೈ ಎಲ್ಲಿದೆ ಎಂದು ನೋಡುತ್ತಿದ್ದಳು. “ನಮ್ಮ ಸೆನ್ಸಾರ್ ಮಂಡಳಿ ಬಂತು,” ಎಂದು ಅವನು ಕೈಯೆರಡನ್ನೂ ಎತ್ತಿ ತೋರಿಸುತ್ತಿದ್ದ.

ಕಾರ್ಯಕ್ರಮ ಸಮಿತಿಗೆ ಒಪ್ಪಿಗೆಯಾಗಿ, ಅವಳನ್ನು ನಿರ್ಮಾಪಕಿಯಾಗಿ ನೇಮಿಸಿದ ಆದೇಶವೂ ಬಂತು. ಆ ಕಾರ್ಯಕ್ರಮ ಪ್ರಸಾರವಾಗುವ ಸಂಜೆ ಅವಳು ಬೇಗ ಮನೆಗೆ ಬಂದಳು. ಇನ್ನು ಅಡಗುವುದು ಬೇಡವಾಗಿತ್ತು. ಟಿ.ವಿ.ಯಲ್ಲಿ ನೀಲಿ ಅಂಗಿಯ ಅವಳು ಕಾರ್ಯಕ್ರಮವನ್ನು ಪರಿಚಯಿಸುತ್ತಿದ್ದಾಗಲೇ ಬೂದು ಅಂಗಿಯ ಅವಳು ಹೊಸ್ತಿಲಲ್ಲಿ ನಿಂತಿದ್ದಳು. ಒದ್ದೆ ಕೈಯಲ್ಲಿ ಅಡುಗೆಮನೆಯಿಂದ ಬಂದ ಗಂಡ ಪರದೆ ನೋಡಿದ, ಬಾಗಿಲು ನೋಡಿದ.

“ಮತ್ತೆ ಇಷ್ಟು ದಿನ ಸಂಜೆ ಎಲ್ಲಿದ್ದೆ?”

“ಇದನ್ನ ಮಾಡ್ತಾ ಇದ್ದೆ. ನಾಳೆಯಿಂದ ಇದೇ ನನ್ನ ಕೆಲಸ. ಬಿಡಲ್ಲ.”

“ನಂಗೆ ಗೊತ್ತಿತ್ತು, ಟಿ.ವಿ.ಲಿ ಹಾಕ್ಕೊಂಡಿದ್ದ ಅಂಗಿ ಹಿತ್ತಲ ತಂತಿ ಮೇಲೆ ಒದ್ದೆ ಇತ್ತು,” ಎಂದಳು ಅತ್ತೆ, ಪರದೆಯಿಂದ ಕಣ್ಣು ತೆಗೆಯದೆ. “ಹೋಗಿ ಕಣ್ಣಾರೆ ನೋಡ್ಕೊಂಡೂ ಬಂದಿದೀನಿ.”

ಅವನ ಅನುಮಾನ ಈಗ ತಾಯಿಯ ಕಡೆಗೂ ತಿರುಗಿತು. ಎಷ್ಟೋ ದಿನ ಇಬ್ಬರೊಡನೆಯೂ ಮಾತು ಬಿಟ್ಟ.

ಅವಳು ಮುಂದೆ ಎಷ್ಟೋ ವರ್ಷ ಕಾರ್ಯಕ್ರಮ ಮಾಡಿದಳು, ಊರೂರು ತಿರುಗಿದಳು, ಉದ್ಘೋಷಕಿ ರಜೆ ಹಾಕಿದ ದಿನ ತಾನೇ ಕೂತು ವಿಷಾದಿಸಿದಳು. ಅವಳ ಮುಖ ಪರದೆಯಲ್ಲಿ ಮೂಡಿದರೆ ಸಾಕು, ಗಂಡ ಸದ್ದಿಲ್ಲದೆ ಎದ್ದು ಹಿತ್ತಲಿಗೆ ಹೋಗಿ ತಂತಿಯ ಮೇಲಿನ ಬಟ್ಟೆ ಮುಟ್ಟಿ ನೋಡುತ್ತಿದ್ದ. ಒಳಗಿಂದ ಅತ್ತೆಯ ದನಿ ಕೇಳುತ್ತಿತ್ತು.

“ಹೇಗೂ ಹೋಗಿದೀಯಲ್ಲ, ಒಣಗಿರೋದನ್ನ ಮಡಚಿ ತಗೊಂಡು ಬಾ.”