ಗುರುಪಾದ ಕಾಕಾನ ಕಾರಿನ ಕಂಪನಿ

ಮೊನ್ನೆ ವಿಜಾಪುರ ರಸ್ತೆಯ ಸಿಗ್ನಲ್ಲಿನಲ್ಲಿ ನಾನು ಕೂತಿದ್ದ ಆಟೋ ನಿಂತಿತ್ತು. ಕಾದ ಕಬ್ಬಿಣ, ಕುದಿಯುವ ನೀರು, ಸುಟ್ಟ ರಬ್ಬರು ಮೂರೂ ಕೂಡಿದ ಒಂದು ವಾಸನೆ ಬಂತು. ಈ ವಾಸನೆ ಈಗ ಊರಲ್ಲಿ ಸಿಗುವುದೇ ಅಪರೂಪ. ಈಗಿನ ಕಾರುಗಳು ಕೆಟ್ಟರೂ ದೊಡ್ಡವರ ಮನೆಯ ಜಗಳದ ಹಾಗೆ, ಹೊರಗೆ ಗೊತ್ತಾಗಗೊಡುವುದಿಲ್ಲ. ಇದು ಊರಿಗೆಲ್ಲ ಸಾರಿ ಕುದಿಯುವ ವಾಸನೆ. ಕತ್ತು ಹೊರಗೆ ಹಾಕಿ ನೋಡಿದೆ. ಮುಂದೆ ಗುಂಡುಬೆನ್ನಿನ ಹಳೆಯ ಬಿಳಿ ಕಾರೊಂದು ಬಾಯಿ ತೆರೆದು ನಿಂತಿತ್ತು, ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಿದ್ದರು.

‘ಅಯ್ಯ, ನಮ್ಮ ಗಾಡಿ!’ ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

ಆಟೋದವನು ತಿರುಗಿದ. “ನಿಮ್ಮದೇನ್ರಿ ಅದು?”

ಗಾಡಿ ನಮ್ಮದಲ್ಲ, ಅದನ್ನು ಮಾಡಿದ ಕಂಪನಿ ನಮ್ಮದು ಎಂದು ಹೇಳಿದ್ದರೆ ಅವನು ಆಟೋವನ್ನು ನೇರ ದವಾಖಾನೆಗೆ ತಿರುಗಿಸುತ್ತಿದ್ದ. ಅವನಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ. ಸಿಗ್ನಲ್ಲು ಬಿಡುವವರೆಗೆ ನಿಮಗೂ ಬೇರೆ ಕೆಲಸವಿಲ್ಲ.

ನನ್ನ ಅಪ್ಪನ ತಮ್ಮ ಗುರುಪಾದ ಕಾಕಾ. ಸೊಲ್ಲಾಪುರದಲ್ಲಿ ಅಣ್ಣತಮ್ಮಂದಿರದು ಕೂಡಿದ ಮನೆ, ಕೂಡಿದ ಚಾದರದ ಅಂಗಡಿ. ಅಕ್ಕಲಕೋಟದ ಆಚೆ ಒಂದು ಹಳ್ಳಿಯಲ್ಲಿ ಹೊಲ. ಕಾಕಾನ ಮದುವೆಯಲ್ಲಿ ಮಾವನವರು ಅಳಿಯನಿಗೆ ಉಂಗುರ ಹಾಕಲು ಬಂದರಂತೆ. ಈತ, “ಉಂಗುರ ಬ್ಯಾಡ್ರಿ ಮಾವಾರ, ಅದರ ಬದಲಿ ಆ ಕಾರಿನ ಕಂಪನಿ ಷೇರು ಕೊಡಸ್ರಿ” ಅಂದನಂತೆ. ಮಾವನವರು ಪೇಟೆಯ ಮನುಷ್ಯ, ಕೊಡಿಸಿದರು. ಬೆರಳೆಣಿಕೆಯಷ್ಟೇ ಷೇರು. ಆದರೆ ಅಂದಿನಿಂದ ಕಾಕಾ ಆ ಕಂಪನಿಯ ಮಾಲಕ. ಕೊನೆಯವರೆಗೂ ಒಂದು ಕಾರು ಕೊಂಡವನಲ್ಲ, ಅದು ಬೇರೆ ಮಾತು.

ಕಂಪನಿಯ ಹೆಸರನ್ನು ಅವನು ಎಂದೂ ಬಾಯಿಬಿಟ್ಟು ಹೇಳಲಿಲ್ಲ, “ನಮ್ಮ ಕಂಪನಿ” ಅಷ್ಟೇ. ನಾನೂ ಅದೇ ರೂಢಿಯಲ್ಲಿ ಬೆಳೆದವಳು, ಇಲ್ಲೂ ಹೇಳಲಾರೆ. ಕಾಕಾನ ಹೆಂಡತಿ, ನಮ್ಮ ಕಾಕು, ಒಮ್ಮೆ ರೊಟ್ಟಿ ಬಡಿಯುತ್ತ ಅಂದಳು: “ನಾ ನಿಮ್ಮ ಹೆಸರ ಹೇಳಂಗಿಲ್ಲ, ನೀವು ಅದರ ಹೆಸರ ಹೇಳಂಗಿಲ್ಲ. ಹಂಗಾದ್ರ ಈ ಮನ್ಯಾಗ ನಿಮ್ಮ ಹೇಣತಿ ಯಾರು?” ಹಾಗಂತ ಅವಳೇನು ಕಂಪನಿಯನ್ನು ಬಿಟ್ಟುಕೊಟ್ಟವಳಲ್ಲ. ಯಾರಾದರೂ ಆಡಿಕೊಂಡರೆ, “ಅದು ನನ್ನ ತವರಮನಿ ಕೊಟ್ಟ ಕಂಪನಿ, ನಾಲಿಗಿ ಬಿಗಿಹಿಡಿ” ಎಂದು ಎದ್ದು ನಿಲ್ಲುತ್ತಿದ್ದಳು.

ವರ್ಷಕ್ಕೊಮ್ಮೆ ಕಂಪನಿಯಿಂದ ನುಣುಪು ಕಾಗದದ ಒಂದು ಇಂಗ್ಲಿಷ್ ಪುಸ್ತಕ ಬರುತ್ತಿತ್ತು. ಕಾಕಾ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿ ಆಮೇಲೆ ನನ್ನನ್ನು ಕೂಗುತ್ತಿದ್ದ: “ಬಾರವ್ವಾ, ಓದು.” ನಾನು ಮರಾಠಿ ಶಾಲೆಯ ಹುಡುಗಿ. ಕನ್ನಡವನ್ನು ಇವನ ಮತ್ತು ಅಜ್ಜಿಯ ಬಾಯಿಂದ ಎತ್ತಿಕೊಂಡವಳು. ನನ್ನ ಇಂಗ್ಲಿಷು ಆ ಕಾರಿನಂಥದೇ, ಹಿಂದಿನಿಂದ ನಾಲ್ಕು ಮಂದಿ ನೂಕಿದರೆ ಮಾತ್ರ ಮುಂದೆ ಹೋಗುವಂಥದು. ಗೊತ್ತಾಗದ ಕಡೆ ಚಿತ್ರ ನೋಡಿ ಕಟ್ಟಿ ಹೇಳುತ್ತಿದ್ದೆ. ಕಾಕಾ ನಾನು ಕಟ್ಟಿದ್ದನ್ನೂ ಕೂಡಿಸಿ ಕಂಪನಿಯ ಇತಿಹಾಸವನ್ನು ಮನೆತನದ ಕಥೆಯ ಹಾಗೆ ಹೇಳುತ್ತಿದ್ದ.

ಮೊದಮೊದಲು ಯಾರೋ ಸೇಠರು ದೊಡ್ಡದೊಂದು ಶೆಡ್ಡು ಹಾಕಿ, ಹಡಗಿನಲ್ಲಿ ಪೆಟ್ಟಿಗೆ ಪೆಟ್ಟಿಗೆಯಾಗಿ ಬಂದ ಪರದೇಶಿ ಕಾರಿನ ಭಾಗಗಳನ್ನು ಇಲ್ಲಿ ಜೋಡಿಸುತ್ತಿದ್ದರು. ಆಮೇಲೆ ಎಂಜಿನ್ನನ್ನೂ ಇಲ್ಲಿಯೇ ಎರಕ ಹೊಯ್ಯತೊಡಗಿದರು. ಕಾಕಾನ ಲೆಕ್ಕದಲ್ಲಿ, “ಮದಲ ಬೀಗರ ಮನಿಯಿಂದ ಬಂದ ಬುತ್ತಿ ಉಂಡ್ರು. ಆಮ್ಯಾಲ ತಮ್ಮ ಒಲಿ ತಾವು ಹೂಡಿದ್ರು.” ಮುಂದೆ ಬಂತು ಕಂಪನಿಯ ಸುಗ್ಗಿಯ ಕಾಲ. ಮಂತ್ರಿಗೂ ಅದೇ ಕಾರು, ಮಾಮಲೇದಾರನಿಗೂ ಅದೇ, ಮದುಮಗನಿಗೂ ಅದೇ. ಹೆಸರು ಹಚ್ಚಿ ವರ್ಷಗಟ್ಟಲೆ ಕಾಯಬೇಕು. ಮಂದಿ ಹೇಗೂ ಕಾಯುತ್ತಾರೆಂದು ಕಂಪನಿಯೂ ಆರಾಮಾಗಿ ಕೂತಿತು. ಐದಾರು ವರ್ಷಕ್ಕೊಮ್ಮೆ ಹೊಸ ಕಾರು ಬಂತೆಂದು ಸಾರುತ್ತಿದ್ದರು, ಬಂದದ್ದು ಹಳೆಯ ಮೈಗೆ ಹೊಸ ಮೂತಿ. ಕಾಕಾ ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಕಣ್ಣಿಗೆ ಹತ್ತಿರ ಹಿಡಿದು, “ನೋಡವ್ವಾ, ಈ ಸಲ ಮೂಗಿನ್ಯಾಗ ಫರಕ ಐತಿ” ಎಂದು ಮೊಮ್ಮಗನನ್ನು ಕಂಡವರ ಹಾಗೆ ಹಿಗ್ಗುತ್ತಿದ್ದ.

ಮಾಲಕನೆಂದ ಮೇಲೆ ಹೊಣೆಯೂ ಇರಬೇಕಲ್ಲ. ಕಾಕಾನ ಹೆಗಲಚೀಲದಲ್ಲಿ ಸದಾ ನೀರಿನ ಬಾಟಲಿ ಇರುತ್ತಿತ್ತು, ತನಗಲ್ಲ, ದಾರಿಯಲ್ಲಿ ಕಾದು ನಿಂತ ಕಂಪನಿಯ ಕಾರುಗಳಿಗೆ. ಹೋಗಿ ಕೈಮುಗಿದು, “ನಮ್ಮ ಗಾಡಿ ಭಾಳ ತ್ರಾಸ ಕೊಟ್ಟಿತೇನ್ರಿ?” ಎಂದು ಕೇಳುವನು. ಅಕ್ಕಲಕೋಟದ ಬಸ್‌ಸ್ಟ್ಯಾಂಡಿನಲ್ಲಿ ಸ್ವಾಮಿ ದರ್ಶನಕ್ಕೆ ಬಂದವರಿಗಾಗಿ ಕಾಯುವ ಟ್ಯಾಕ್ಸಿಗಳೆಲ್ಲ ಆಗ ಇವೇ. ಅಲ್ಲಿಯ ಡ್ರೈವರುಗಳಿಗೆ ಕಾಕಾ ಎಂದರೆ ಹಬ್ಬ. ಅವರಲ್ಲಿ ಮುಂದಾಳು ಮೈಬೂಬಮಾಮಾ.

“ಬರ್ರಿ ಮಾಲಕ್ರ! ಹಿಂದಿನ ಬಾಗಿಲಾ ಹಾಕಬೇಕಂದ್ರ ನೀವು ಶಿವನ್ನ ನೆನೀಬೇಕು, ನಾ ಅಲ್ಲಾನ್ನ ನೆನೀಬೇಕು. ಇಬ್ರೂ ಕೂಡಿ ಜಗ್ಗಿದ್ರ ಒಂದೀಟ ಹತ್ತತೈತ್ರಿ.”

ಎಲ್ಲರೂ ನಗುವರು. ಕಾಕಾ ಮಾತ್ರ ನಗುತ್ತಿರಲಿಲ್ಲ. “ಖರೇ ಐತಿ. ಸಭಾದಾಗ ಹೇಳತೀನಿ” ಅನ್ನುತ್ತಿದ್ದ. ಕಂಪನಿಯ ವಾರ್ಷಿಕ ಸಭೆ ಎಲ್ಲೋ ದೂರದ ಶಹರದಲ್ಲಿ. ಒಮ್ಮೆಯೂ ಹೋಗಲಿಲ್ಲ. ಆದರೆ ಹೋದರೆ ಹೇಳಬೇಕಾದ ಮೊದಲ ಮಾತು ಮೈಬೂಬನ ಬಾಗಿಲದು ಎಂಬುದು ಅವನಲ್ಲಿ ಗಟ್ಟಿಯಾಗಿತ್ತು.

ಹೀಗಿರುವಾಗ ಅಪ್ಪ ಒಂದು ಕಾರು ಕೊಂಡ. ಬೇರೆ ಕಂಪನಿಯ ಸಣ್ಣ ಕಾರು.

ಅಪ್ಪ ಕೊಂಡದ್ದು ಮೆರೆಯಲಿಕ್ಕಲ್ಲ. ಕಾಕಾನ ಮೊಣಕಾಲು ಸವೆದಿತ್ತು, ಎಸ್‌ಟಿ ಬಸ್ಸಿನ ಮೆಟ್ಟಿಲು ಹತ್ತುವಾಗ ಮುಖ ಕಿವಿಚುತ್ತಿದ್ದ. ತಿಂಗಳಿಗೊಮ್ಮೆ ಹೊಲಕ್ಕೆ ಹೋಗುವಾಗ ತಮ್ಮನು ಕಾಲು ಚಾಚಿ ಕೂರಲಿ ಎಂಬುದೇ ಅಪ್ಪನ ಮನಸ್ಸಿನಲ್ಲಿದ್ದದ್ದು. ಅದನ್ನು ಬಾಯಿಬಿಟ್ಟು ಹೇಳುವ ಪೈಕಿ ಅಲ್ಲ ನಮ್ಮಪ್ಪ. ಕಾಕಾ ಕಾರಿನ ಸುತ್ತ ಒಂದು ಸುತ್ತು ಬಂದು, “ಚಲೋ ಐತಿ ಅಣ್ಣಾ. ನೀವು ಹೋಗಿ ಬರ್ರಿ, ನಾ ಎಸ್‌ಟಿಗೆ ಬರತೀನಿ” ಅಂದ.

“ಯಾಕೋ, ಇದರಾಗ ಮುಳ್ಳ ಅದಾವೇನು?”

“ಮನ್ಯಾಗ ಆಕಳ ಕಟ್ಟಿ ಮಂದಿ ಮನಿ ಹಾಲ ಕುಡದಂಗ ಆಗತೈತಿ.”

ಅಪ್ಪ ಮತ್ತೆ ಕರೆಯಲಿಲ್ಲ. ಆದರೆ ಅಂದಿನಿಂದ ತನ್ನ ಬದಿಯ ಮುಂದಿನ ಸೀಟಿನಲ್ಲಿ ಯಾರನ್ನೂ ಕೂಡಿಸಲೂ ಇಲ್ಲ. ಅವ್ವ, ಕಾಕು, ನಾನು, ಬುತ್ತಿಗಂಟು, ಎಲ್ಲ ಹಿಂದೆ ಒತ್ತೊತ್ತಾಗಿ. ಮುಂದೆ ಖಾಲಿ ಸೀಟು, ಅದರ ಮೇಲೆ ನಮ್ಮದೇ ಅಂಗಡಿಯ ಹೊಸ ಚಾದರ ಹಾಸಿದ್ದು ಹಾಗೇ. ಅಕ್ಕಲಕೋಟದಲ್ಲಿ ನಾವು ಚಹಾ ಕುಡಿದು ಕಾಯುತ್ತಿದ್ದರೆ ಕಾಕಾ ಬಸ್ಸಿಳಿದು ಕುಂಟುತ್ತ ಬಂದು, “ಭಾಳ ಆರಾಮ ಬಂದೆ” ಎಂದು ಮುಂದೆ ಹಳ್ಳಿಯ ಬಸ್ಸು ಹಿಡಿಯುವನು. ಅಪ್ಪ ಆ ಕಡೆ ಮುಖ ತಿರುಗಿಸುವನು. ಒಂದೇ ಅಂಗಡಿಯ ಗಾದಿಯ ಮೇಲೆ ಕೂತವರ ನಡುವೆ ಹಾಗೆ ಒಂದು ಸೀಟಿನಷ್ಟು ಜಾಗ ಬಿದ್ದಿತು. ಬರುಬರುತ್ತ ಅಂಗಡಿಯಲ್ಲೂ ಗಿರಾಕಿಯ ಮಾತು ಬಿಟ್ಟರೆ ಮಾತಿಲ್ಲ. ಕೂಡಿದ ಮನೆ ಇನ್ನು ಒಡೆಯುವುದೇ ಸರಿ ಎಂದು ಅವ್ವ, ಕಾಕು ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಅತ್ತ ಊರೆಲ್ಲ ಸಣ್ಣ ಕಾರುಗಳು ತುಂಬಿದವು. ಪುಸ್ತಕ ವರ್ಷವರ್ಷಕ್ಕೆ ತೆಳ್ಳಗಾಯಿತು. ಷೇರು ಮಾರೆಂದು ಎಲ್ಲರೂ ಹೇಳಿದರು. “ಜ್ವರಾ ಬಂದಾವನ್ನ ಯಾರರೆ ಮಾರತಾರೇನು?” ಎಂದ ಕಾಕಾ. ಒಂದು ಮುಂಜಾನೆ ಮರಾಠಿ ಪೇಪರಿನಲ್ಲಿ ಸುದ್ದಿ ಬಂತು: ಕಾರ್ಖಾನೆಯ ಗೇಟು ಮುಚ್ಚಿತು, ಇನ್ನು ಆ ಕಾರು ಹುಟ್ಟುವುದಿಲ್ಲ. ಕಾಕಾ ಪೇಪರು ಮಡಚಿಟ್ಟ. ಅಂಗಡಿಗೆ ಹೋಗಲಿಲ್ಲ. ಜಳಕ ಮಾಡಿ ಪಡಸಾಲೆಯ ಕಂಬಕ್ಕೆ ಒರಗಿ ಕೂತ.

ಮಧ್ಯಾಹ್ನ ಬಾಗಿಲಲ್ಲಿ ಬಿಳಿ ಕಾರು ನಿಂತಿತು. ಮೈಬೂಬಮಾಮಾ, ಜೊತೆಗೆ ಇನ್ನಿಬ್ಬರು ಡ್ರೈವರುಗಳು. ಕೈಯಲ್ಲಿ ಬಟ್ಟೆಯ ಗಂಟು. ಸತ್ತ ಮನೆಯಲ್ಲಿ ಅಂದು ಒಲೆ ಹೊತ್ತುವುದಿಲ್ಲ, ಆಪ್ತರು ರೊಟ್ಟಿ-ಝುಣಕ ಕಟ್ಟಿಕೊಂಡು ಬರುವುದು ನಮ್ಮ ಕಡೆಯ ಪದ್ಧತಿ. ಇವರು ಗಂಟನ್ನು ಕಾಕಾನ ಮುಂದಿಟ್ಟು ನೆಲಕ್ಕೆ ಕೂತರು.

“ಮಾತಾಡಸಾಕ ಬಂದೀವ್ರಿ ಮಾಲಕ್ರ.”

ಕಾಕು ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಚೇಷ್ಟೆಗೇ ಬಂದಿದ್ದಾರೆಂದು ನಾನೂ ತಿಳಿದೆ. ಅವರೂ ದಾರಿಯಲ್ಲಿ ನಗುತ್ತಲೇ ಬಂದಿದ್ದರೋ ಏನೋ. ಆದರೆ ಕಾಕಾನ ಮುಖ ನೋಡಿದ ಮೇಲೆ ಮೈಬೂಬಮಾಮಾ ಟೋಪಿ ತೆಗೆದು ಮತ್ತೆ ಇಟ್ಟುಕೊಂಡ.

“ಎಷ್ಟ ಬೈದ್ರೂ ಅನ್ನಾ ಹಾಕೇತ್ರಿ. ನನ್ನ ಹೆಣ್ಣಮಕ್ಕಳ ಮದವಿ ಎಲ್ಲಾ ಅದರ ಮ್ಯಾಲ ಆಗ್ಯಾವು.”

ಕಾಕಾ ಗಂಟಿನ ಮೇಲೆ ಕೈಯಿಟ್ಟ. “ನಿನ್ನ ಹಿಂದಿನ ಬಾಗಿಲದ ಮಾತ ಹೇಳೂದು ಉಳೀತಲ್ಲೋ, ಮೈಬೂಬಾ.”

“ಇರಲಿ ಬಿಡ್ರಿ. ಹಗ್ಗಾ ಕಟ್ಟೀನಿ.”

ಅಪ್ಪ ಅಂಗಡಿಯಿಂದ ಬಂದು ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿದ. ಚಪ್ಪಲಿ ಬಿಟ್ಟು ಬಂದು ಅವರ ಸಾಲಿನಲ್ಲೇ ಕೂತು ಆ ರೊಟ್ಟಿ ಮುರಿದು, ಮೊದಲ ತುತ್ತನ್ನು ತಮ್ಮನ ಕೈಗೆ ಕೊಟ್ಟ.

ಕೆಲವು ದಿನ ಕಳೆದ ಮೇಲೆ ಅಪ್ಪ ಕಾರು ತೆಗೆದು ಮುಂದಿನ ಬಾಗಿಲು ತೆರೆದ. “ಗುರಪಾದಾ, ದುಃಖದಾಗ ಕುಂತಾವನ್ನ ಹೊರಗ ಕರಕೊಂಡು ಹೋಗೂದು ಹಿರ್ಯಾರ ಕೆಲಸ. ನಾ ನಿನಗ ಹಿರ್ಯಾ ಹೌದಿಲ್ಲೋ?”

ಕಾಕಾ ಅಂಗಳಕ್ಕಿಳಿದ. ಅವನು ಕಾರಿನ ಮುಂದೆ ಹೋಗಿ ಅದರ ಬಾನೆಟ್ಟಿನ ಮೇಲೆ ಅಂಗೈ ಇಟ್ಟ.

“ಅಣ್ಣಾ, ಈ ಗಾಡಿಗೂ ಎಲ್ಲೋ ಒಬ್ಬ ನನ್ನಂಥಾ ಹುಚ್ಚ ಇರತಾನಲ್ಲ?”

“ಇದ್ದೇ ಇರತಾನ. ಹತ್ತು.”

ಹತ್ತಿ ಚಾದರದ ಮೇಲೆ ಕೂತ. ಕಾಲು ಚಾಚಿದ. ಬಾಗಿಲು ಎಳೆದುಕೊಂಡ, ಅದು ಸದ್ದಿಲ್ಲದೆ ಕೂಡಿಕೊಂಡಿತು. ನಂಬಿಕೆ ಬರಲಿಲ್ಲವೆಂದು ಕಾಣುತ್ತದೆ, ಮತ್ತೊಮ್ಮೆ ತೆರೆದು ಹಾಕಿದ. “ಬಾಗಿಲಾ ಚಲೋ ಮಾಡ್ಯಾರ” ಅಂದ. ಅಪ್ಪ ಗಾಡಿ ಬಿಟ್ಟ. ಅಕ್ಕಲಕೋಟ ಬರುವವರೆಗೆ ಇಬ್ಬರೂ ಏನೇನು ಮಾತಾಡಿಕೊಂಡರೋ, ಆ ದಿನ ನಮ್ಮನ್ನು ಹಿಂದೆ ಕೂಡಿಸಿಕೊಳ್ಳಲಿಲ್ಲ.

ಈಗ ಅಪ್ಪನೂ ಇಲ್ಲ, ಕಾಕಾನೂ ಇಲ್ಲ. ಕಾಯಲು ಜನವಿದ್ದಾರೆಂದು ಬದಲಾಗದೆ ಕೂತ ಕಂಪನಿಯೂ, ಖಾಲಿ ಸೀಟು ಕಾಯುತ್ತಿದ್ದರೂ ಬಸ್ಸಿಗೇ ಹೋದ ಕಾಕಾನೂ ಒಂದೇ ಜಾತಕದವರೆಂದು ನನಗೆ ಎಷ್ಟೋ ಸಲ ಅನಿಸಿದೆ. ಕಾಕಾನಿಗೆ ಕರೆಯಲು ಒಬ್ಬ ಅಣ್ಣನಿದ್ದ, ಅಷ್ಟೇ ವ್ಯತ್ಯಾಸ.

ಸಿಗ್ನಲ್ಲು ಹಸಿರಾಯಿತು. ನಾನು ಆಟೋ ಇಳಿದು, ನೀರಿನ ಬಾಟಲಿ ಹಿಡಿದು ಆ ಬಿಳಿ ಕಾರಿನ ಹತ್ತಿರ ಹೋದೆ. ಹರೆಯದ ಡ್ರೈವರು ಬೆವರಿ ನಿಂತಿದ್ದ.

“ಒಮ್ಮಿಗೇ ಹಾಕಬ್ಯಾಡಪಾ, ಆರಲಿ. ಭಾಳ ತ್ರಾಸ ಕೊಟ್ಟಿತೇನು ನಮ್ಮ ಗಾಡಿ?”

ಅವನು ಮೇಲಿಂದ ಕೆಳಗೆ ನೋಡಿದ. “ನಿಮ್ಮದ ಕಂಪನೀ ಏನ್ರಿ ಮಾವಶಿ?”

“ಹೌದು.”

“ಹಂಗಾದ್ರ ಮದಲ ಆ ಹಿಂದಿನ ಬಾಗಿಲಾ ನೋಡ್ರಿ!”

ನೋಡಿದೆ. ಹಗ್ಗ ಕಟ್ಟಿತ್ತು.

“ಖರೇ ಐತಿ” ಅಂದೆ. “ಸಭಾದಾಗ ಹೇಳತೀನಿ.”