ಬಲಗೈಯೊಳಗಿನ ಲಿಂಗ

ಹುಕ್ಕೇರಿಯ ತವರು ಬಿಟ್ಟು ಸೊಸೆಯಾಗಿ ಮೂಡಲಗಿಗೆ ಬಂದಾಗ ಅತ್ತೆಯವರು ನನ್ನನ್ನು ಮೈಗಳ್ಳಿ ಎಂದೇ ತಿಳಿದಿದ್ದರು. ಒಂದು ಕೊಡ ನೀರು ತಂದರೆ ಕಟ್ಟೆಯ ಮೇಲೆ ಕೂತು ಏದುಸಿರು ಬಿಡುತ್ತಿದ್ದೆ. ಗೋಕಾಕದ ಡಾಕ್ಟರು ಎದೆಗೆ ನಳಿಗೆ ಇಟ್ಟು ಕೇಳಿ, ಮಿರಜಿಗೆ ಒಯ್ಯಿರಿ ಎಂದ ಮೇಲೆ ಅತ್ತೆಯ ಬೈಗುಳ ನಿಂತಿತು.

ಮಿರಜಿನ ದೊಡ್ಡ ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. ಚಿಕ್ಕಂದಿನ ಕೀಲುಜ್ವರದಿಂದ ಹೃದಯದ ಕವಾಟ ಕಿರಿದಾಗಿದೆ, ಅದರ ಹಿಂದೆ ರಕ್ತ ಹೆಪ್ಪುಗಟ್ಟಿದೆ. ಎದೆ ಕೊಯ್ದು ಹೆಪ್ಪು ತೆಗೆಯಬೇಕು, ಬೆರಳು ತೂರಿಸಿ ಕವಾಟ ಅಗಲಿಸಬೇಕು. ಹೆಪ್ಪಿನ ಚೂರೊಂದು ಜಾರಿ ಮಿದುಳಿಗೆ ಹೋದರೆ ಕೈಕಾಲು ಬಿದ್ದುಹೋಗಬಹುದು, ಜೀವವೂ ಹೋಗಬಹುದು.

ಆಪರೇಷನ್ ದಿನ ನರ್ಸ್ ನನ್ನ ಕೊರಳಿನ ಲಿಂಗ ತೆಗೆಯಲು ಹೇಳಿದಳು. ಕೂಸಾಗಿದ್ದಾಗ ಕಟ್ಟಿದ ಲಿಂಗ. ಅದು ಮೈಮೇಲಿಲ್ಲದ ಹೊತ್ತಿನಲ್ಲೇ ಸತ್ತರೆ? ಹೆಪ್ಪಿಗಿಂತ ಅದಕ್ಕೇ ಹೆಚ್ಚು ಹೆದರಿ ಒಲ್ಲೆನೆಂದು ಕಣ್ಣೀರಿಟ್ಟೆ.

ಅತ್ತೆಯವರು ನರ್ಸಿಗೆ, "ಮೈಮ್ಯಾಲ ಇದ್ರ ಸಾಕ್ರೀ. ಕೈಯಾಗರ ಕೊಡ್ರಿ," ಎಂದರು.

ಪೂಜೆಯಲ್ಲಿ ಲಿಂಗ ಹಿಡಿಯುವುದು ಎಡಗೈಯಲ್ಲಿ. ಆದರೆ ಕೊಯ್ಯುವುದು ಎಡಪಕ್ಕ. ನರ್ಸ್ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಬಲಗೈಗಿಟ್ಟು, ಮುಷ್ಟಿಯ ಮೇಲೆ ಪಟ್ಟಿ ಕಟ್ಟಿದಳು. "ಏನರ ಆಗ್ಲಿ, ಕೈ ಬಿಡಬ್ಯಾಡ," ಎಂದರು ಅತ್ತೆ.

ಎಚ್ಚರವಾದಾಗ ಎದೆಯೆಲ್ಲ ಉರಿ. ಗಂಟಲಿನಿಂದ ಸ್ವರ ಹೊರಡಲಿಲ್ಲ. ಡಾಕ್ಟರು ಬಂದು ಕಾಲು ಆಡಿಸು ಎಂದರು, ಆಡಿಸಿದೆ. ಪಟ್ಟಿ ಬಿಚ್ಚಿ, ಬಲಗೈ ತೆರೆ ಎಂದರು. ತೆರೆಯಲಿಲ್ಲ. ಒಳಗೇನಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಬೆರಳು ಬಿಡಿಸಲು ನೋಡಿದರು, ಮುಷ್ಟಿ ಇನ್ನೂ ಬಿಗಿಯಾಯಿತು. ಅವರ ಮುಖ ಕಪ್ಪಿಟ್ಟಿತು. ಪಕ್ಕದವರೊಡನೆ ಪಿಸುಗುಟ್ಟಿದ್ದರಲ್ಲಿ ಮಿದುಳು ಎಂಬ ಮಾತು ನನಗೆ ಕೇಳಿಸಿತು.

ಆಗ ನಿಜವಾಗಿ ಹೆದರಿದೆ. ನಾನೇ ತೆರೆಯುತ್ತಿಲ್ಲವೋ, ತೆರೆಯಲು ಆಗುತ್ತಲೇ ಇಲ್ಲವೋ, ನನಗೇ ತಿಳಿಯದಾಯಿತು.

ಅತ್ತೆಯವರನ್ನು ಒಳಗೆ ಕರೆಸಿದರು. ಅವರು ಮಂಚದ ಬದಿಗೆ ಕುಕ್ಕರಗಾಲಲ್ಲಿ ಕೂತು, ನನ್ನ ಮುಷ್ಟಿಯ ಕೆಳಗೆ ತಮ್ಮ ಎಡಗೈ ಚಾಚಿದರು.

"ನಾ ಹಿಡದೇನವಾ. ಇನ್ನ ಬಿಡು."

ಪ್ರಯತ್ನಿಸಲಿಕ್ಕೇ ಧೈರ್ಯವಾಗಲಿಲ್ಲ. ಈಗಲೂ ತೆರೆಯದಿದ್ದರೆ ಏನು ಗತಿ? ಕಣ್ಣು ಮುಚ್ಚಿಕೊಂಡೆ. ಹೆಬ್ಬೆರಳು ಅಲುಗಿತು. ಆಮೇಲೆ ಉಳಿದವು ಒಂದೊಂದಾಗಿ ಸಡಿಲಾಗಿ, ಲಿಂಗ ಅವರ ಅಂಗೈಗೆ ಜಾರಿತು. ಡಾಕ್ಟರು ಎದುರಿನ ಸ್ಟೂಲಿನ ಮೇಲೆ ಕುಸಿದು ಕೂತರು. ಅತ್ತೆಯವರು ನನ್ನ ಖಾಲಿ ಬೆರಳುಗಳನ್ನು ಕಣ್ಣಿಗೆ ಒತ್ತಿಕೊಂಡರು.