ಒಳಗಿಸೆಯ ಡಬ್ಬಿ

ನಮ್ಮ ಗದಗ-ಬೆಟಗೇರಿ ಕಡೆ ಹೊರಗೆ ಹೊರಟವರನ್ನು 'ಎಲ್ಲಿಗೆ?' ಎಂದು ಕೇಳುವಂತಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ. ತೀರ ತಡೆಯಲಾಗದಿದ್ದರೆ 'ದೂರ ಹೊಂಟೀರೇನ್ರಿ?' ಎನ್ನಬಹುದು. ಇಷ್ಟು ನಾಜೂಕಿನ ಜನ, ಮದುವೆಯಾಗಿ ವರ್ಷ ತುಂಬುವುದರೊಳಗೆ ನಡುಬೀದಿಯಲ್ಲಿ ನಿಲ್ಲಿಸಿ 'ಏನರ ವಿಶೇಷ ಐತೇನ್ರಿ?' ಎಂದು ವಿಚಾರಿಸುತ್ತಾರೆ. ಅದರಿಂದ ಏನೂ ಕೆಡುವುದಿಲ್ಲವೆಂದು ಅವರ ನಂಬಿಕೆ.

ಅದನ್ನೂ ನನಗೆ ಕೇಳುವುದಿಲ್ಲ ನೋಡಿ, ನನ್ನ ಹೆಂಡತಿ ಸವಿತಾಳಿಗೇ ಕೇಳುತ್ತಾರೆ. ಅವ್ವ ಸೋಮವಾರದ ಉಪವಾಸ ಹಚ್ಚಿದ್ದೂ ಅವಳಿಗೇ, ತಾಯತ ಕಟ್ಟಿಸಿದ್ದೂ ಅವಳ ಕೊರಳಿಗೇ. ನಾನೋ, ಬೆಟಗೇರಿಯ ಬೀಜ-ಗೊಬ್ಬರದ ಅಂಗಡಿಯವನು. ಮೊಳಕೆ ಬರಲಿಲ್ಲವೆಂದು ಹತ್ತಿರದ ಹರ್ತಿಯ ರೈತರು ಜಗಳಕ್ಕೆ ಬಂದರೆ 'ಬೀಜ ಚಲೋ ಐತ್ರಿ, ನಿಮ್ಮ ಹೊಲಾ ನೋಡ್ಕೋರಿ' ಎನ್ನುವುದು ನನ್ನ ಕಾಯಂ ಉತ್ತರ. ಗದಗಿನ ಡಾಕ್ಟರಮ್ಮ ಇಬ್ಬರನ್ನೂ ತಪಾಸಣೆ ಮಾಡಿ, 'ಅವರದು ಎಲ್ಲಾ ಸರಿ ಐತ್ರಿ. ನಿಮ್ಮ ವೀರ್ಯಾಣು ಒಂದೀಟು ಮಂದ ಅದಾವ' ಎಂದಾಗ ಆ ರೈತರೆಲ್ಲ ಒಮ್ಮೆಲೇ ನಕ್ಕಂತಾಯಿತು.

ಅದಕ್ಕೆ ಅವರು ಹೇಳಿದ ಉಪಾಯ ಐಯುಐ. ಗಂಡನ ವೀರ್ಯವನ್ನು ತೊಳೆದು, ಚುರುಕಾದ ವೀರ್ಯಾಣುಗಳನ್ನು ಆರಿಸಿ, ಅಂಡ ಬಿಡುಗಡೆಯಾಗುವ ಹೊತ್ತಿಗೆ ಸಣ್ಣ ನಳಿಕೆಯಿಂದ ನೇರ ಗರ್ಭಕೋಶಕ್ಕೆ ಬಿಡುತ್ತಾರೆ. ಸೋಮಾರಿ ಹುಡುಗನನ್ನು ಪರೀಕ್ಷೆಯ ಬಾಗಿಲ ತನಕ ಸ್ಕೂಟರಿನಲ್ಲಿ ಬಿಟ್ಟು ಬಂದ ಹಾಗೆ. ಪಾಸಾಗುವ ಖಾತ್ರಿಯನ್ನು ಡಾಕ್ಟರೂ ಕೊಡುವುದಿಲ್ಲ.

ವೀರ್ಯ ಕೊಡಲು ದವಾಖಾನೆಯಲ್ಲಿ ಒಂದು ಕೋಣೆ ತೋರಿಸಿದರು. ಗೋಡೆಯ ಕ್ಯಾಲೆಂಡರಿನಿಂದ ಶಿವ ಸಹಕುಟುಂಬನಾಗಿ ನನ್ನನ್ನೇ ನೋಡುತ್ತಿದ್ದ. ಕೈಮುಗಿದು ಹೊರಬಂದೆ. 'ಹಂಗಾರ ಆ ದಿನ ಮನಿಯಿಂದನ ತರ್ರಿ. ಆದ್ರ ತಾಸಿನೊಳಗ ಮುಟ್ಟಬೇಕು. ಮೈಗೆ ಹಚ್ಚಿ ಬೆಚ್ಚಗ ತರ್ರಿ' ಎಂದು ಡಾಕ್ಟರಮ್ಮ ಮುಚ್ಚಳದ ಡಬ್ಬಿಯೊಂದನ್ನು ಕೊಟ್ಟರು.

ಆ ದಿನ ಸವಿತಾ ಮುಂಚೆಯೇ ಹೋಗಿ ದವಾಖಾನೆಯಲ್ಲಿ ಕೂತಿದ್ದಳು. ನಾನು ಡಬ್ಬಿಯನ್ನು ಬನಿಯನ್ನಿನ ಒಳಗಿಸೆಯಲ್ಲಿಟ್ಟುಕೊಂಡು ಹೊಸ್ತಿಲು ದಾಟಿದೆ. ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಮೈಸೂರಿನ ಬ್ಯಾಂಕಿನವರು ಬಹಳ ಪ್ರೀತಿಯಿಂದ, 'ಎಲ್ಲಿಗೆ ಹೊರಟ್ರಿ ಸಾರ್?' ಎಂದರು. ಅಡುಗೆಮನೆಯಲ್ಲಿದ್ದ ಅವ್ವನ ಕಿವಿಗೆ ಅದು ಬಿತ್ತು.

'ಒಳಗ ಬಾ! ಕುಂಡ್ರು. ನೀರು ಕುಡದು, ಚಾ ಕುಡದು ಹೋಗುವಂತಿ.'

'ಜಲ್ದಿ ಐತಬೇ.'

'ಜಲ್ದಿ ಇದ್ದಾಗನ ಕೆಲಸ ಕೆಡತಾವು.'

ಕೂತೆ. ನೀರು ಕುಡಿದೆ. ಚಹಾ ಕುದಿಯಲಿಲ್ಲ. ಅವ್ವ ಶುಂಠಿ ಜಜ್ಜತೊಡಗಿದಳು. ಎದ್ದರೆ ಅಪಶಕುನ, ಕೂತರೆ ಕಿಸೆಯಲ್ಲಿದ್ದ ವಂಶವೇ ತಣ್ಣಗಾಗುತ್ತದೆ. ಅಲ್ಲಿ ಸವಿತಾ ಬಾಗಿಲು ನೋಡುತ್ತ ಕೂತಿರುತ್ತಾಳೆ. ಕಡೆಗೆ ಬಾಯಿಬಿಟ್ಟೆ.

'ಅವ್ವಾ, ಸವಿತಾಗ ಏನೂ ಆಗಿಲ್ಲ. ಕೊರತಿ ನಂದೈತಿ. ನಿನ್ನ ಮೊಮ್ಮಗ ಈ ಕಿಸೇದಾಗ ಅದಾನ. ದವಾಖಾನಿಗೆ ಮುಟ್ಟಸಬೇಕು.'

ಅವ್ವ ಮೊದಲು ಕಿಸೆ ನೋಡಿದಳು, ಆಮೇಲೆ ಮುಖ ನೋಡಿದಳು. ಅವಳ ಕಣ್ಣು ತುಂಬಿದವು. 'ಖರೇನ? ಹಂಗಾರ ಅಕೀ ಸುಮ್ಮಸುಮ್ಮನ ಉಪಾಸ ಬಿದ್ದಳಲ್ಲೋ!' ಎಂದವಳೇ ಒಲೆ ಆರಿಸಿ ಗುಡುಗಿದಳು. 'ಮತ್ತ ಇನ್ನೂ ಯಾಕ ಕುಂತಿ? ಏಳಲೇ!'

ಚಪ್ಪಲಿಯನ್ನೂ ಮೆಟ್ಟದೆ ಸ್ಕೂಟರ್ ಹತ್ತಿದಳು. ಗದಗ ಮುಟ್ಟುವ ತನಕ ಹಿಂದಿನಿಂದ ಕೈ ಬಳಸಿ ನನ್ನ ಕಿಸೆಯನ್ನು ಒತ್ತಿ ಹಿಡಿದೇ ಇದ್ದಳು. ಹೊತ್ತಿಗೆ ಮುಟ್ಟಿದೆವು.

ಆ ಸಲ ಗರ್ಭ ನಿಲ್ಲಲಿಲ್ಲ. ಸವಿತಾ ಅತ್ತಳು, ನಾನೂ ಅತ್ತೆ. ಇನ್ನೊಮ್ಮೆ ಮಾಡೋಣ ಎಂದಿದ್ದಾರೆ ಡಾಕ್ಟರಮ್ಮ. ಅವ್ವನಿಗೆ ಮಾತ್ರ ಕಾಯುವ ಸಹನೆ ಇಲ್ಲ. ಓಣಿಯಲ್ಲಿ ಯಾರಾದರೂ 'ವಿಶೇಷ' ಕೇಳಿದರೆ ಸಾಕು, 'ನನ್ನ ಸೊಸಿ ಗಟ್ಟಿ ಅದಾಳ್ರಿ. ಔಷಧ ನಡದಿದ್ದು ನನ್ನ ಮಗಗ' ಎಂದು ಸಾರುತ್ತಾಳೆ. ಸವಿತಾ ನಗುತ್ತಾಳೆ. ನಾನು ನೆಲ ನೋಡಿಕೊಂಡು ಅಂಗಡಿಗೆ ಹೋಗುತ್ತೇನೆ.

ಮೊನ್ನೆ ದೊಡ್ಡ ಮೀಸೆಯ ಗಿರಾಕಿಯೊಬ್ಬರು ಅಂಗಡಿ ಖಾಲಿಯಾಗುವ ತನಕ ಬೆಂಡೆಬೀಜದ ಪೊಟ್ಟಣ ತಿರುವಿ ಹಾಕುತ್ತ ನಿಂತರು. ಕೊನೆಗೆ ಹತ್ತಿರ ಬಂದು, 'ಆ ಡಾಕ್ಟರಮ್ಮ ಗಂಡಸರನ್ನೂ ನೋಡ್ತಾರೇನ್ರಿ?' ಎಂದರು.

'ನೋಡ್ತಾರ್ರಿ,' ಎಂದೆ. 'ಖರೆ ಅಂದ್ರ, ಮೊದಲ ನಮ್ಮನ್ನ ನೋಡಬೇಕಿತ್ತು.'